ಎತ್ತಿಕೊಂಡರೆ ಒದ್ದಾಡುವ ಬೆಕ್ಕು, ಮಡಿಲು ಬಿಡದ ಮರಿ

ನಮ್ಮ ಮನೆಯ ಚಂದ್ರಿಗೆ ಈಗ 11 ವರ್ಷ. ಇಷ್ಟು ವರ್ಷಗಳಲ್ಲಿ ಅವಳು ತಾನಾಗಿ ನನ್ನ ತೊಡೆಯೇರಿದ್ದು ಬೆರಳೆಣಿಕೆಯಷ್ಟು ಸಲ. ಎತ್ತಿಕೊಂಡರೆ ಮೈ ಬಿಲ್ಲಿನಂತೆ ಸೆಟೆಯುತ್ತದೆ, ಹಿಂಗಾಲುಗಳು ನನ್ನ ಹೊಟ್ಟೆಯನ್ನು ಒದೆಯುತ್ತವೆ, ಮರುಕ್ಷಣ ಅವಳು ನೆಲದ ಮೇಲಿರುತ್ತಾಳೆ. ಆದರೆ ನಾನು ಅವರೆಕಾಯಿ ಸುಲಿಯಲು ಕುಳಿತರೆ ಸಾಕು, ಎಲ್ಲಿದ್ದರೂ ಬಂದು ಮೊರದಿಂದ ಒಂದು ಮೊಳ ದೂರದಲ್ಲಿ ಮುಂಗಾಲು ಮಡಚಿ ಕೂರುತ್ತಾಳೆ. ಕೊನೆಯ ಕಾಯಿ ಸುಲಿದು ಮುಗಿಯುವವರೆಗೂ ಏಳುವುದಿಲ್ಲ.

ಕಳೆದ ಆಷಾಢದ ಮಳೆಯಲ್ಲಿ ಪಕ್ಕದ ಮನೆಯ ಸ್ಕೂಟರಿನ ಹೊದಿಕೆಯ ಕೆಳಗೆ ಬೆಲ್ಲ ಸಿಕ್ಕಿದ. ಆರು ವಾರದ ಮರಿ ಇರಬಹುದು ಎಂದರು ವೈದ್ಯರು. ಅವನ ಸ್ವಭಾವ ಪೂರ್ತಿ ಬೇರೆ. ಕುಳಿತರೆ ತೊಡೆ, ನಿಂತರೆ ಹೆಗಲು, ಮಲಗಿದರೆ ಕುತ್ತಿಗೆಯ ಸಂದು. ಮನೆಗೆ ಬಂದವರೆಲ್ಲ ಇವನೇ ಪ್ರೀತಿಯ ಬೆಕ್ಕು ಎನ್ನುತ್ತಾರೆ, ಚಂದ್ರಿಗೆ ಪ್ರೀತಿಯೇ ಇಲ್ಲವೆಂಬಂತೆ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಎತ್ತಿಸಿಕೊಳ್ಳುವುದೇ ಬೇರೆ, ಪ್ರೀತಿಸುವುದೇ ಬೇರೆ. ಎತ್ತಿದರೆ ಮುನಿಯುವ ಬೆಕ್ಕಿನೊಡನೆ ಬಾಳುವುದು ಹೇಗೆ, ಅಪ್ಪಿಕೊಂಡೇ ಇರುವ ಮರಿಯ ಸಲುಗೆಯನ್ನು ಕೆಡಿಸದೆ ಬೆಳೆಸುವುದು ಹೇಗೆ ಎಂಬುದನ್ನು ಇಬ್ಬರಿಂದಲೂ ಕಲಿತಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಬಿಸಿಹಾಲಿನ ಪಾಠ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತು. ಇಲಿಗಳ ಕಾಟ ತಡೆಯಲು ಕೃಷ್ಣದೇವರಾಯ ಮನೆಮನೆಗೂ ಒಂದು ಬೆಕ್ಕು, ಅದರ ಹಾಲಿಗೆಂದು ಒಂದು ಹಸು ಕೊಡಿಸಿದ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ನಾಲಿಗೆ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡತೊಡಗಿತು. ಮಕ್ಕಳು ನಗುವ ಕಥೆ ಇದು. ಬೆಕ್ಕು ಸಾಕಿದವರಿಗೆ ಮಾತ್ರ ಇದರೊಳಗಿನ ನಿಜ ಬೇಗ ಹೊಳೆಯುತ್ತದೆ: ಒಂದೇ ಒಂದು ಕೆಟ್ಟ ಅನುಭವ ಸಾಕು, ಬೆಕ್ಕು ಅದನ್ನು ಬಹುಕಾಲ ಮರೆಯುವುದಿಲ್ಲ. ಒದ್ದಾಡುತ್ತಿರುವ ಬೆಕ್ಕನ್ನು ‘ಇನ್ನೊಂದು ನಿಮಿಷ’ ಎಂದು ಬಿಗಿಹಿಡಿಯುವುದು ಅದರ ಪಾಲಿಗೆ ಬಿಸಿಹಾಲೇ.

ಹುಟ್ಟುಗುಣವೂ ಇದಕ್ಕೆ ಸೇರಿಕೊಳ್ಳುತ್ತದೆ. ಬೆಕ್ಕು ಬೇಟೆಗಾರ ಪ್ರಾಣಿ, ಜೊತೆಗೆ ತನಗಿಂತ ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು. ಅಪಾಯ ಬಂದರೆ ಓಡಬೇಕು, ಹತ್ತಬೇಕು. ಎರಡಕ್ಕೂ ಕಾಲು ನೆಲದ ಮೇಲಿರಬೇಕು. ನಾಲ್ಕು ಕಿಲೋ ತೂಗುವ ಜೀವವನ್ನು ಅದರ ಹತ್ತು ಪಟ್ಟಿಗೂ ಮೀರಿದ ಜೀವವೊಂದು ಮೇಲಿನಿಂದ ಬಾಗಿ ಹಿಡಿದೆತ್ತಿದಾಗ, ಅದರ ರಕ್ತದಲ್ಲಿರುವ ಹಳೆಯ ಎಚ್ಚರ ಏಳುತ್ತದೆ. ಬೆಕ್ಕುಗಳು ತಮ್ಮತಮ್ಮಲ್ಲಿ ಹೇಗೆ ಸಲುಗೆ ತೋರಿಸುತ್ತವೆ ಎಂದು ಒಮ್ಮೆ ಗಮನಿಸಿ. ಬಾಲವನ್ನು ನೆಟ್ಟಗೆ ಎತ್ತಿ ಬರುತ್ತವೆ, ಮೂಗಿಗೆ ಮೂಗು ತಾಗಿಸುತ್ತವೆ, ಕೆನ್ನೆ ಉಜ್ಜುತ್ತವೆ, ತಲೆ ನೆಕ್ಕುತ್ತವೆ. ಒಂದು ಇನ್ನೊಂದನ್ನು ಎತ್ತಿ ಎದೆಗವಚಿಕೊಳ್ಳುವ ಪದ್ಧತಿ ಅವುಗಳಲ್ಲಿಲ್ಲ. ಅದು ನಮ್ಮ ಭಾಷೆ.

ಮೂರನೆಯ ಕಾರಣ ಬಾಲ್ಯ. ಮರಿಗೆ ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಕಾಲ ಬಹಳ ಮುಖ್ಯ. ಆಗ ಮನುಷ್ಯರ ಕೈಯಲ್ಲಿ ಆಡಿದ ಮರಿ ಮನುಷ್ಯರನ್ನು ತನ್ನವರೆಂದುಕೊಳ್ಳುತ್ತದೆ. 1980ರ ದಶಕದಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ಇದನ್ನು ಪರೀಕ್ಷಿಸಿ ನೋಡಿದರು. ದಿನಕ್ಕೆ 40 ನಿಮಿಷ ಕೈಯಲ್ಲಿ ಬೆಳೆದ ಮರಿಗಳು 15 ನಿಮಿಷದ ಮರಿಗಳಿಗಿಂತ ಹೆಚ್ಚು ಹೊತ್ತು ಮನುಷ್ಯರ ಬಳಿ ಉಳಿಯುತ್ತಿದ್ದವು. ತಂದೆಯ ಪಾತ್ರವೂ ಇದೆ. 1995ರಲ್ಲಿ ಸಾಂಡ್ರಾ ಮೆಕ್ಯೂನ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ನೇಹದ ಗಂಡುಬೆಕ್ಕಿಗೆ ಹುಟ್ಟಿದ ಮರಿಗಳು ಹೊಸದನ್ನು ಕಂಡು ಕಡಿಮೆ ಅಳುಕುತ್ತವೆ, ಆ ಅಪ್ಪ ಮರಿಗಳನ್ನು ಕಣ್ಣಾರೆ ಕಾಣದಿದ್ದರೂ. ಚಂದ್ರಿ ನಮ್ಮ ಮನೆಗೆ ಬಂದಾಗ ನಾಲ್ಕು ತಿಂಗಳಿನವಳು. ಅದಕ್ಕೆ ಮೊದಲು ಮರದ ಡಿಪೋ ಒಂದರಲ್ಲಿ, ಮನುಷ್ಯರ ಕೈ ಸೋಕದೆ ಬೆಳೆದವಳು. ಇದರಲ್ಲಿ ಅವಳ ತಪ್ಪೂ ಇಲ್ಲ, ನನ್ನದೂ ಇಲ್ಲ.

ಮೊದಲು ಒಂದು ಎಚ್ಚರಿಕೆ

ಇಷ್ಟು ದಿನ ಸುಮ್ಮನೆ ಎತ್ತಿಸಿಕೊಳ್ಳುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಬೇಡವೆಂದರೆ ಅದನ್ನು ಸ್ವಭಾವವೆಂದು ತಳ್ಳಿಹಾಕಬೇಡಿ. ಅದು ನೋವಿರಬಹುದು. ವಯಸ್ಸಾದ ಬೆಕ್ಕುಗಳಲ್ಲಿ ಕೀಲುನೋವು ತೀರ ಸಾಮಾನ್ಯ, ಆದರೆ ಅವು ಕುಂಟಿ ತೋರಿಸುವುದು ಕಡಿಮೆ. ಕಿಟಕಿಗೆ ಒಂದೇ ನೆಗೆತಕ್ಕೆ ಹಾರುತ್ತಿದ್ದದ್ದು ಈಗ ಮೊದಲು ಕುರ್ಚಿ ಹತ್ತಿ ಆಮೇಲೆ ಹಾರುತ್ತಿದೆಯೇ? ಸೊಂಟದ ಬಳಿಯ ಕೂದಲನ್ನು ನೆಕ್ಕದೆ ಗಂಟುಗಟ್ಟಲು ಬಿಟ್ಟಿದೆಯೇ? ಹಾಗಿದ್ದರೆ ಪಶುವೈದ್ಯರಿಗೆ ತೋರಿಸಿ. ನಮ್ಮ ಮನೆಯ ನೋವಿನ ಮಾತ್ರೆಯನ್ನು ಎಂದಿಗೂ ಕೊಡಬೇಡಿ. ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ದೊಡ್ಡ ಬೆಕ್ಕಿನೊಡನೆ: ಹೆಜ್ಜೆ ಹೆಜ್ಜೆಯಾಗಿ

ಮೊದಲ ಹೆಜ್ಜೆ ಎತ್ತುವುದನ್ನು ನಿಲ್ಲಿಸುವುದು. ಎರಡು ವಾರ ಪೂರ್ತಿಯಾಗಿ, ಮನೆಯವರೆಲ್ಲರೂ. ಮಕ್ಕಳಿಗೂ ಹೇಳಿ, ನೆಂಟರಿಗೂ ಹೇಳಿ. ನೀವು ಹತ್ತಿರ ಬಂದರೆ ತನ್ನನ್ನು ಹಿಡಿಯಲೇ ಬಂದಿರೆಂದು ಬೆಕ್ಕು ಅಂದುಕೊಂಡಿರುತ್ತದೆ. ಆ ಲೆಕ್ಕ ತಪ್ಪಬೇಕು.

ಎರಡನೆಯದು ನೆಲದ ಮೇಲೆ ಕೂರುವುದು. ಬೆಕ್ಕಿನ ಕಡೆ ನೇರವಾಗಿ ತಿರುಗದೆ, ಸ್ವಲ್ಪ ಓರೆಯಾಗಿ. ಒಂದು ಬೆರಳನ್ನು ಅದರ ಮೂಗಿನ ಎತ್ತರಕ್ಕೆ ಚಾಚಿ ಸುಮ್ಮನಿರಿ. ಬೆಕ್ಕು ಮೂಸಿ, ಕೆನ್ನೆಯನ್ನು ಬೆರಳಿಗೆ ಒರಸಿದರೆ ಅದು ಒಪ್ಪಿಗೆ. ಮೂಸಿ ಮುಖ ತಿರುಗಿಸಿದರೆ ಅದೂ ಉತ್ತರವೇ. ಕೈ ಹಿಂದಕ್ಕೆ ತೆಗೆದುಕೊಳ್ಳಿ. ಈ ಹೊತ್ತಿನಲ್ಲಿ ಕಣ್ಣುಗಳನ್ನು ಅರೆಮುಚ್ಚಿ ನಿಧಾನವಾಗಿ ಮಿಟುಕಿಸಿ ನೋಡಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನಾವು ಕಪಟವೆಂದು ಗಾದೆ ಮಾಡಿಟ್ಟಿದ್ದೇವೆ, ಆದರೆ ಬೆಕ್ಕು ನಿಮ್ಮೆದುರು ನಿಧಾನವಾಗಿ ಕಣ್ಣು ಮುಚ್ಚುವುದು ನಂಬಿಕೆಯ ಗುರುತು. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದಂತೆ, ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದ ಅಪರಿಚಿತರ ಕೈಯತ್ತ ಬೆಕ್ಕುಗಳು ಹೆಚ್ಚಾಗಿ ಬಂದವು.

ಮೂರನೆಯದು ನೇವರಿಸುವುದು, ಮತ್ತು ನಿಲ್ಲಿಸುವುದು. ಕೆನ್ನೆ, ಗದ್ದದ ಅಡಿ, ಕಿವಿಯ ಬುಡ, ಕಣ್ಣು–ಕಿವಿಗಳ ನಡುವಿನ ಕೂದಲು ತೆಳುವಾದ ಜಾಗ: ಇವು ಬಹುತೇಕ ಬೆಕ್ಕುಗಳಿಗೆ ಇಷ್ಟ. ಹೊಟ್ಟೆ ಮತ್ತು ಬಾಲದ ಬುಡವನ್ನು ಬಿಟ್ಟುಬಿಡಿ. ಹೊಟ್ಟೆ ಮೇಲೆ ಮಾಡಿ ಹೊರಳಿದರೆ ‘ಮುಟ್ಟು’ ಎಂದಲ್ಲ, ‘ನಿನ್ನೆದುರು ಹೀಗೆ ಮಲಗುವಷ್ಟು ಧೈರ್ಯವಿದೆ’ ಎಂದು. ಮೂರು ಎಣಿಸುವಷ್ಟು ಹೊತ್ತು ನೇವರಿಸಿ ಕೈ ತೆಗೆಯಿರಿ. ಬೆಕ್ಕು ತಲೆಯಿಂದ ನಿಮ್ಮ ಕೈಯನ್ನು ನೂಕಿ ಕೇಳಿದರೆ ಮತ್ತೆ ಮೂರು. ಕೇಳದಿದ್ದರೆ ಇವತ್ತಿಗೆ ಸಾಕು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು 2021ರಲ್ಲಿ ಇಂಥದೇ ಕ್ರಮವನ್ನು ಪರೀಕ್ಷಿಸಿದಾಗ ಬೆಕ್ಕುಗಳ ಸಿಟ್ಟು ಕಡಿಮೆಯಾಗಿ ಸ್ನೇಹ ಹೆಚ್ಚಿದ್ದು ಕಂಡುಬಂತು.

‘ಸಾಕು’ ಎನ್ನುವುದನ್ನು ಬೆಕ್ಕು ಪರಚಿ ಹೇಳುವ ಮೊದಲು ಹಲವು ಸಲ ಹೇಳಿರುತ್ತದೆ. ಚಂದ್ರಿಯದು ಹೀಗೆ: ಮೊದಲು ಬಾಲದ ತುದಿ ಮಾತ್ರ ಒಮ್ಮೆ ಅಲುಗುತ್ತದೆ. ಆಮೇಲೆ ಒಂದು ಕಿವಿ ಪಕ್ಕಕ್ಕೆ ತಿರುಗುತ್ತದೆ. ಹಿತವಾಗಿ ಗುರುಗುಟ್ಟುತ್ತಿದ್ದದ್ದು ನಿಲ್ಲುತ್ತದೆ. ಕೊನೆಗೆ ಬೆನ್ನಿನ ಚರ್ಮ ಕೆರೆಯ ನೀರಿನ ಮೇಲೆ ಗಾಳಿ ಓಡಿದಂತೆ ಒಮ್ಮೆ ನಡುಗುತ್ತದೆ. ಅಷ್ಟರಲ್ಲಿ ನನ್ನ ಕೈ ದೂರವಿರಬೇಕು. ನಿಮ್ಮ ಬೆಕ್ಕಿನ ಕ್ರಮ ಬೇರೆ ಇರಬಹುದು. ಒಂದು ವಾರ ಬರಿಯ ನೋಡುವುದಕ್ಕೇ ಇಟ್ಟುಕೊಳ್ಳಿ. ಇದಕ್ಕಿಂತ ಬೆಲೆಬಾಳುವ ವಾರ ಇನ್ನೊಂದಿಲ್ಲ.

ನಾಲ್ಕನೆಯದು ಎತ್ತುವುದನ್ನು ಹೊಸದಾಗಿ ಕಲಿಸುವುದು. ವೈದ್ಯರ ಬಳಿ ಹೋಗಲು, ಬೆಂಕಿಯೋ ಹಾವೋ ಬಂದಾಗ ಪಾರುಮಾಡಲು ಬೆಕ್ಕನ್ನು ಎತ್ತಲೇಬೇಕಾಗುತ್ತದೆ. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿಯ ಚೂರುಗಳನ್ನು ಬೆರಳುಗುರಿನಷ್ಟು ಸಣ್ಣದಾಗಿ ಮಾಡಿಟ್ಟುಕೊಳ್ಳಿ. ಬೆಕ್ಕಿನ ಎದೆಯ ಕೆಳಗೆ ಒಂದು ಕೈ ಇಡಿ, ಚೂರು ಕೊಡಿ, ಕೈ ತೆಗೆಯಿರಿ. ಒಂದೆರಡು ದಿನ ಇಷ್ಟೇ. ಅದು ಅಲುಗದೆ ನಿಂತರೆ ಇನ್ನೊಂದು ಕೈಯನ್ನು ಹಿಂಗಾಲುಗಳ ಹಿಂದೆ, ಪೃಷ್ಠದ ಅಡಿಗೆ ತನ್ನಿ. ಮತ್ತೆ ಚೂರು. ಆಮೇಲೆ ಪಾದಗಳು ನೆಲದಿಂದ ಒಂದಂಗುಲ ಏಳುವಂತೆ ಎತ್ತಿ, ಕೂಡಲೇ ಇಳಿಸಿ, ಚೂರು. ಒಂದು ಎಣಿಕೆಯಿಂದ ಎರಡಕ್ಕೆ, ಎರಡರಿಂದ ಐದಕ್ಕೆ ಹೋಗಲು ವಾರಗಳೇ ಹಿಡಿಯಲಿ. ಎತ್ತಿದಾಗ ಬೆಕ್ಕಿನ ಇಡೀ ಪಕ್ಕ ನಿಮ್ಮ ಮೈಗೆ ಒರಗಿರಬೇಕು, ನಾಲ್ಕೂ ಕಾಲುಗಳಿಗೆ ಆಧಾರವಿರಬೇಕು. ಕಂಕುಳಿಗೆ ಕೈಕೊಟ್ಟು ಜೋತಾಡಿಸುವುದು, ಕೂಸಿನಂತೆ ಅಂಗಾತ ಮಲಗಿಸಿಕೊಳ್ಳುವುದು, ಕುತ್ತಿಗೆಯ ಚರ್ಮ ಹಿಡಿದೆತ್ತುವುದು ಮೂರೂ ಬೇಡ. ತಾಯಿ ಹಾಗೆ ಹಿಡಿಯುತ್ತದಲ್ಲ ಎನ್ನುತ್ತಾರೆ. ತಾಯಿ ಹಾಗೆ ಒಯ್ಯುವುದು ಅಂಗೈಯಗಲದ ಮರಿಯನ್ನು. ದೊಡ್ಡ ಬೆಕ್ಕಿಗೆ ಅದು ನೋವು ಮತ್ತು ಭಯ.

ಇಳಿಸುವ ರೀತಿ ಎತ್ತುವ ರೀತಿಗಿಂತ ಮುಖ್ಯ ಎಂದು ನನ್ನ ನಂಬಿಕೆ. ಬೆಕ್ಕು ಒದ್ದಾಡುವ ಮೊದಲೇ ಇಳಿಸಿ. ಎಸೆಯಬೇಡಿ, ಧುಮುಕಲೂ ಬಿಡಬೇಡಿ. ಬಾಗಿ, ನಾಲ್ಕೂ ಪಾದ ನೆಲಕ್ಕೆ ತಾಗುವವರೆಗೆ ಜೊತೆಗಿದ್ದು ಆಮೇಲೆ ಕೈ ಸಡಿಲಿಸಿ. ಕೇಳಿದಾಗಲೆಲ್ಲ ಇಳಿಸುತ್ತಾರೆ ಎಂದು ಗೊತ್ತಾದ ಬೆಕ್ಕಿಗೆ ಎತ್ತಿಸಿಕೊಳ್ಳುವುದು ಅಷ್ಟು ಭಯವಾಗುವುದಿಲ್ಲ. ಚಂದ್ರಿ ಈಗ 20 ಎಣಿಸುವವರೆಗೆ ನನ್ನ ತೋಳಿನಲ್ಲಿರುತ್ತಾಳೆ. ಅದಕ್ಕೆ ಮೂರು ತಿಂಗಳು ಹಿಡಿಯಿತು. ಅದಕ್ಕಿಂತ ಹೆಚ್ಚು ನಾನು ಕೇಳುವುದಿಲ್ಲ.

ಇನ್ನೊಂದು ಮಾತು, ಬುಟ್ಟಿಯ ಬಗ್ಗೆ. ಬಹುಪಾಲು ಮನೆಗಳಲ್ಲಿ ಬೆಕ್ಕನ್ನು ಹೊತ್ತೊಯ್ಯುವ ಬುಟ್ಟಿ ಅಟ್ಟದ ಮೇಲಿರುತ್ತದೆ, ಸೂಜಿಮದ್ದಿನ ದಿನ ಮಾತ್ರ ಇಳಿಯುತ್ತದೆ. ಅದರ ಸದ್ದಿಗೇ ಬೆಕ್ಕು ಮಂಚದಡಿ ಸೇರುತ್ತದೆ. ಬುಟ್ಟಿಯನ್ನು ವರ್ಷವಿಡೀ ನಡುಮನೆಯ ಮೂಲೆಯಲ್ಲಿ ಬಾಗಿಲು ತೆಗೆದಿಡಿ, ಒಳಗೆ ನಿಮ್ಮ ಹಳೆಯ ಹತ್ತಿ ಸೀರೆ ಹಾಸಿ, ಆಗಾಗ ಒಂದು ಚೂರು ತಿಂಡಿ ಹಾಕಿ. ಬೆಕ್ಕು ತಾನಾಗಿ ಒಳಗೆ ಮಲಗಲು ಕಲಿತರೆ, ಎತ್ತುವ ಪ್ರಮೇಯವೇ ಅರ್ಧಕ್ಕರ್ಧ ತಪ್ಪುತ್ತದೆ.

ಮರಿಯ ಸರದಿ

ಆರಿಸಿಕೊಳ್ಳುವ ಅವಕಾಶವಿದ್ದರೆ ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬೇಡಿ. ಇನ್ನೂ ಕೆಲವು ವಾರ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವರಿಂದ. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 2017ರ ಅಧ್ಯಯನದಲ್ಲಿ, ಎಂಟು ವಾರಕ್ಕೆ ಮೊದಲೇ ತಾಯಿಯಿಂದ ಬೇರೆಯಾದ ಬೆಕ್ಕುಗಳಲ್ಲಿ ಮುಂದೆ ಮೈಮೇಲೆ ಬೀಳುವ ಸ್ವಭಾವ ಹೆಚ್ಚು ಕಂಡಿತು. ಬೆಲ್ಲನಂತೆ ಬೀದಿಯಲ್ಲಿ ಸಿಕ್ಕ ಮರಿಗೆ ಈ ಭಾಗ್ಯವಿಲ್ಲ; ಅವನಿಗೆ ಆ ಪಾಠ ನಾವೇ ಕಲಿಸಬೇಕಾಯಿತು.

ಮೊದಲ ವಾರ ಒಂದೇ ಕೋಣೆ ಸಾಕು. ಬಚ್ಚಿಟ್ಟುಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ, ಒಂದು ಮೂಲೆಯಲ್ಲಿ ಊಟ, ಇನ್ನೊಂದರಲ್ಲಿ ನೀರು, ದೂರದಲ್ಲಿ ಮಲಮೂತ್ರಕ್ಕೆ ಮರಳಿನ ತಟ್ಟೆ. ಬೆಲ್ಲನನ್ನು ದಿನವೂ ಅಡುಗೆಮನೆಯ ತಕ್ಕಡಿಯ ಮೇಲೆ ಪಾತ್ರೆಯಿಟ್ಟು ತೂಗುತ್ತಿದ್ದೆ. ಚೆನ್ನಾಗಿ ಬೆಳೆಯುವ ಮರಿ ವಾರಕ್ಕೆ ಸುಮಾರು 100 ಗ್ರಾಂ ಕೂಡಿಸಿಕೊಳ್ಳುತ್ತದೆ. ಎರಡು ದಿನ ತೂಕ ಏರದಿದ್ದರೆ ವೈದ್ಯರನ್ನು ಕಾಣಿ.

ಪ್ರೀತಿಯ ಮರಿಯನ್ನು ಕೆಡಿಸುವುದು ಸುಲಭ. ಅದು ಬೇಡವೆನ್ನುವುದಿಲ್ಲವಲ್ಲ ಎಂದು ಇಡೀ ದಿನ ಕೈಯಿಂದ ಕೈಗೆ ದಾಟಿಸುತ್ತೇವೆ. ಮರಿಗೆ ದಿನದಲ್ಲಿ 18 ಗಂಟೆಯಷ್ಟು ನಿದ್ದೆ ಬೇಕು. ಮಲಗಿದ್ದನ್ನು ಎತ್ತಬೇಡಿ. ಎಚ್ಚರವಿದ್ದಾಗ ದಿನಕ್ಕೆ ಏಳೆಂಟು ಸಲ, ಪ್ರತಿಸಲ ಕೆಲವೇ ನಿಮಿಷ ಎತ್ತಿಕೊಳ್ಳಿ. ಮನೆಯ ಗಂಡಸರು, ಹೆಂಗಸರು, ಕನ್ನಡಕದವರು, ಗಡ್ಡದವರು ಎಲ್ಲರೂ ಎತ್ತಲಿ. ಎತ್ತಿದಾಗ ಪಾದ ಒತ್ತಿ ಉಗುರು ನೋಡಿ, ಕಿವಿಯೊಳಗೆ ಇಣುಕಿ, ತುಟಿ ಸರಿಸಿ ಹಲ್ಲು ನೋಡಿ. ಮುಂದೆ ಉಗುರು ಕತ್ತರಿಸುವಾಗ, ಔಷಧಿ ಹಾಕುವಾಗ ಇದರ ಫಲ ಕಾಣುತ್ತದೆ. ಮತ್ತೆ ಅದೇ ಮಾತು: ಮರಿ ಇನ್ನೂ ಗುರುಗುಟ್ಟುತ್ತಿರುವಾಗಲೇ ಕೆಳಗಿಳಿಸಿ.

ಚಿಕ್ಕ ಮಕ್ಕಳಿದ್ದರೆ ಒಂದೇ ನಿಯಮ ಸಾಕು: ನೆಲದ ಮೇಲೆ ಕಾಲು ಚಾಚಿ ಕುಳಿತವರ ಬಳಿಗೆ ಮಾತ್ರ ಮರಿ ಬರುತ್ತದೆ. ನಿಂತು, ಓಡಾಡುತ್ತ ಎತ್ತುವಂತಿಲ್ಲ. ನಮ್ಮ ಮನೆಯ ಆರು ವರ್ಷದ ಹುಡುಗಿ ಮೊದಲ ದಿನ ಬೆಲ್ಲನನ್ನು ಎದೆಗೆ ಒತ್ತಿಕೊಂಡು ಓಡಿ ಮುಂಗೈ ಪರಚಿಸಿಕೊಂಡಳು. ಎರಡನೆಯ ದಿನ ಮಡಿಲಲ್ಲಿ ಟವೆಲ್ ಹಾಸಿ, ಉಸಿರು ಬಿಗಿಹಿಡಿದು ಕುಳಿತಳು. ಅವನು ಬಂದ, ಮೂರು ಸುತ್ತು ಸುತ್ತಿ ಮಲಗಿದ. ಗೋಡೆ ಗಡಿಯಾರ ನೋಡುತ್ತ ಅವಳು ಅರ್ಧ ಗಂಟೆ ಅಲುಗಲಿಲ್ಲ. ಇನ್ನು, ರಕ್ತ ಬರುವಂತೆ ಪರಚಿದರೆ ಅಥವಾ ಕಚ್ಚಿದರೆ, ಮರಿ ಎಷ್ಟೇ ಮುದ್ದಾಗಿರಲಿ, ಗಾಯವನ್ನು ಸೋಪಿನಿಂದ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ರೇಬೀಸ್ ಲಸಿಕೆಗಾಗಿ ಆಸ್ಪತ್ರೆಗೆ ಹೋಗಿ. ನಾವು ಹೋದೆವು.

ಬೆರಳಾಡಿಸಿ ಆಟವಾಡಿಸಬೇಡಿ. ಇಂದು ಮುದ್ದಾಗಿ ಕಾಣುವ ಕಚ್ಚು, ಆರು ತಿಂಗಳ ಬಳಿಕ ಗಾಯ. ಕೋಲಿಗೆ ದಾರ ಕಟ್ಟಿ, ತುದಿಗೆ ಬಟ್ಟೆಯ ಗಂಟು ಹಾಕಿ ಆಡಿಸಿ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಿ, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ಕೈ ಕಚ್ಚಿದರೆ ಎಳೆದುಕೊಳ್ಳಬೇಡಿ, ಬಯ್ಯಬೇಡಿ. ಅಲುಗದೆ ನಿಂತು, ಅದು ಬಿಟ್ಟ ಮೇಲೆ ಎದ್ದು ಹೋಗಿ. ಬೆಲ್ಲನಿಗೆ ಇದು ಅರ್ಥವಾಗಲು ಹತ್ತು ದಿನ ಬೇಕಾಯಿತು.

ಊಟದ ವಿಷಯದಲ್ಲಿ ನಮ್ಮ ಕಡೆಯ ಒಂದು ತಪ್ಪನ್ನು ಹೇಳಲೇಬೇಕು. ಹಾಲು, ಮೊಸರನ್ನದಲ್ಲಿ ಬೆಕ್ಕು ಬೆಳೆಯುತ್ತದೆ ಎಂದು ಎಷ್ಟೋ ಮನೆಗಳಲ್ಲಿ ನಂಬಿದ್ದಾರೆ. ಹಿಂದೆ ಹಾಗೆ ಬೆಳೆದ ಬೆಕ್ಕುಗಳು ಕಣಜದಲ್ಲಿ ಇಲಿ, ಗದ್ದೆಯಲ್ಲಿ ಹಕ್ಕಿ ಹಿಡಿದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದವು, ಮೊಸರನ್ನ ಮೇಲೋಗರ. ಮನೆಯೊಳಗೇ ಇರುವ ಬೆಕ್ಕಿಗೆ ಆ ದಾರಿಯಿಲ್ಲ. ಅದರ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಪೋಷಕಾಂಶ ಮಾಂಸದಲ್ಲಿ ಸಿಗುತ್ತದೆ, ಅನ್ನದಲ್ಲಿ ಸಿಗುವುದಿಲ್ಲ. ಹಸುವಿನ ಹಾಲಿನಿಂದ ಮರಿಗೆ ಭೇದಿಯಾಗಬಹುದು. ಮನೆಯಲ್ಲಿ ಮಾಂಸ ಬೇಯಿಸದವರು ಮರಿಗಳಿಗೆಂದೇ ಮಾಡಿದ ಆಹಾರದ ಪೊಟ್ಟಣ ತಂದು ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ವಿಷ. ನೆಲ ಒರಸುವ ಫಿನಾಯಿಲ್ ಕೂಡ: ಬೆಕ್ಕು ಅದರ ಮೇಲೆ ನಡೆದು, ಪಾದ ನೆಕ್ಕಿಕೊಳ್ಳುತ್ತದೆ. ನಾಯಿಯ ಮೈಯ ಉಣ್ಣಿಹುಳಕ್ಕೆ ಹಾಕುವ, ಪರ್ಮೆತ್ರಿನ್ ಎಂಬ ಕೀಟನಾಶಕ ಇರುವ ಔಷಧವನ್ನು ಬೆಕ್ಕಿಗೆ ಹಾಕಿದರೆ ಪ್ರಾಣ ಹೋಗಬಹುದು.

ಜಂತುಹುಳುವಿನ ಔಷಧಿ, ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆ ಮರುಲಸಿಕೆ, 12 ವಾರದ ಹೊತ್ತಿಗೆ ರೇಬೀಸ್ ಲಸಿಕೆ: ಇಷ್ಟನ್ನು ವೈದ್ಯರೇ ನೆನಪಿಸುತ್ತಾರೆ. ಐದು ತಿಂಗಳೊಳಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ. ಹೆಣ್ಣುಮರಿ ನಾಲ್ಕು ತಿಂಗಳಿಗೇ ಗರ್ಭ ಧರಿಸಬಲ್ಲದು.

ಹಿರಿಯಳಿಗೆ ಕಿರಿಯನ ಪರಿಚಯ

ಮರಿಯನ್ನು ತೋಳಿನಲ್ಲಿ ಹಿಡಿದು ದೊಡ್ಡ ಬೆಕ್ಕಿನ ಮೂಗಿನೆದುರು ಒಡ್ಡುವುದು ಎಲ್ಲರೂ ಮಾಡುವ ತಪ್ಪು. ಮರಿಗೆ ಓಡಲು ದಾರಿಯಿಲ್ಲ, ದೊಡ್ಡದಕ್ಕೆ ಮೂಸಿ ತೀರ್ಮಾನಿಸಲು ಸಮಯವಿಲ್ಲ. ಪರಿಚಯ ವಾಸನೆಯಿಂದ ಶುರುವಾಗಲಿ. ಬೆಲ್ಲ ಮಲಗಿದ್ದ ಟವೆಲನ್ನು ಚಂದ್ರಿಯ ತಟ್ಟೆಯಿಂದ ಎರಡು ಮಾರು ದೂರದಲ್ಲಿಟ್ಟೆ. ಅವಳು ಬುಸುಗುಟ್ಟಿ ಎದ್ದುಹೋದಳು. ನಾಲ್ಕನೆಯ ದಿನ ಅದರ ಪಕ್ಕದಲ್ಲೇ ಊಟ ಮಾಡಿದಳು. ಆಮೇಲೆ ಮುಚ್ಚಿದ ಬಾಗಿಲಿನ ಆಚೀಚೆ ಇಬ್ಬರಿಗೂ ಒಂದೇ ಹೊತ್ತಿಗೆ ಊಟ. ಆಮೇಲೆ ಬಾಗಿಲಿಗೆ ಸೊಳ್ಳೆಪರದೆಯ ಜಾಲರಿ, ಕಣ್ಣಿಗೆ ಕಣ್ಣು. ಐದನೆಯ ವಾರ ಜಾಲರಿ ತೆಗೆದೆವು. ಎರಡು ಬೆಕ್ಕುಗಳಿಗೆ ಮೂರು ಮರಳಿನ ತಟ್ಟೆ ಇಡಿ. ಹಿರಿಯ ಬೆಕ್ಕಿಗೆ ಮರಿ ಹತ್ತಲಾಗದ ಎತ್ತರದ ಜಾಗವೊಂದು ಇರಲಿ. ಚಂದ್ರಿಗೆ ಬೀರುವಿನ ತಲೆ ಮೀಸಲು.

ಬೆಲ್ಲನಿಗೆ ಈಗ ಏಳು ತಿಂಗಳು. ಮೊದಲಿನಂತೆ ಸದಾ ಹೆಗಲ ಮೇಲಿರುವುದಿಲ್ಲ. ಕಿಟಕಿಯಲ್ಲಿ ಕುಳಿತು ಅಳಿಲು ನೋಡುತ್ತಾನೆ, ಮಧ್ಯೆ ಒಮ್ಮೆ ಬಂದು ಹಣೆಯಿಂದ ಮೊಣಕೈ ಗುದ್ದಿ ಮತ್ತೆ ಹೋಗುತ್ತಾನೆ. ಹಾಗೆ ದೂರವಾದರೆ ಬೇಸರಿಸಿ ಎಳೆದು ತರಬೇಡಿ. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ತೋರಿಸಿದ್ದು ಇದನ್ನೇ: ಒಡೆಯರನ್ನು ಗಟ್ಟಿಯಾಗಿ ನಂಬಿದ ಮರಿಗಳು, ಅವರು ಹೊರಗೆ ಹೋಗಿ ಬಂದಾಗ ಒಮ್ಮೆ ಮಾತನಾಡಿಸಿ, ನಿಶ್ಚಿಂತೆಯಿಂದ ಮತ್ತೆ ತಮ್ಮ ಆಟಕ್ಕೆ ಮರಳಿದವು. ಪರೀಕ್ಷಿಸಿದ ಮರಿಗಳಲ್ಲಿ ಶೇಕಡ 64ರಷ್ಟು ಹೀಗಿದ್ದವು.

ಮೊನ್ನೆ ರಾತ್ರಿ ಅವರೆಕಾಯಿ ಸುಲಿಯುತ್ತಿದ್ದೆ. ಬೆಲ್ಲ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಚಂದ್ರಿ ಎಂದಿನಂತೆ ಬಂದು ಮೊರದಾಚೆ ಕುಳಿತಳು, ಸ್ವಲ್ಪ ಹೊತ್ತಿನ ಮೇಲೆ ಎದ್ದು ಮೊರವನ್ನು ಸುತ್ತಿ ಬಂದು, ನನ್ನ ಚಾಚಿದ ಪಾದದ ಮೇಲೆ ಗದ್ದವನ್ನಿಟ್ಟು ಮಲಗಿದಳು. ಅವಳ ಗಂಟಲಿನ ಗುರುಗುಟ್ಟು ನನ್ನ ಹೆಬ್ಬೆರಳಿಗೆ ತಾಗುತ್ತಿತ್ತು. ಕೈ ಚಾಚಿ ಮುಟ್ಟಲಿಲ್ಲ. ಕಾಯಿ ಮುಗಿದರೂ ಸಿಪ್ಪೆಯನ್ನೇ ಮತ್ತೆ ಮತ್ತೆ ಆಡಿಸುತ್ತ ಕುಳಿತೆ.